ಏರಾಕೂ ಇಳ್ಯಾಕೂ ಒಂದ ಸೈಕಲ್

ಸರೋಜಕ್ಕ ಯಾವುದನ್ನೇ ಕೈಗೆತ್ತಿಕೊಳ್ಳಲಿ, ಮೊದಲು ಅದರ ತೂಕ ಹೇಳುತ್ತಿದ್ದರು. ತರಕಾರಿ ಗಾಡಿಯವನು ತಕ್ಕಡಿಗೆ ಹಾಕುವ ಮೊದಲೇ ಹೂಕೋಸನ್ನು ಅಂಗೈಯಲ್ಲಿ ಒಮ್ಮೆ ಕುಣಿಸಿ "ಏಳನೂರಾ ಐವತ್ತು" ಅನ್ನುವರು. ತಕ್ಕಡಿ ತೆಪ್ಪಗೆ ಒಪ್ಪಿಕೊಳ್ಳುತ್ತಿತ್ತು. ಒಮ್ಮೆ ಸಹೋದ್ಯೋಗಿಯೊಬ್ಬರ ಮಗುವಿನ ನಾಮಕರಣಕ್ಕೆ ಹೋಗಿದ್ದೆವು. ಕೂಸನ್ನು ಎತ್ತಿಕೊಂಡವರೇ ಹಾರೈಸುವುದು ಬಿಟ್ಟು, "ಐದೂ ಕಾಲು ಕಿಲೋ, ಇನ್ನಷ್ಟು ಹಾಲು ಕುಡಿಸಿ" ಎಂದು ಹಿಂದಿಯಲ್ಲಿ ತೀರ್ಪು ಕೊಟ್ಟುಬಿಟ್ಟರು. ಕೂಸಿನ ಅಜ್ಜಿಯ ಮುಖ ಗಂಟಾಯಿತು. ನಾನು ನಗು ತಡೆಯಲಾರದೆ ಮೆಟ್ಟಿಲ ಹತ್ತಿರ ಹೋಗಿ ನಿಂತೆ.

ನಮ್ಮ ಕಾರ್ಖಾನೆ ಇರುವುದು ವಡೋದರಾದ ಮಕರಪುರದಲ್ಲಿ. ದೊಡ್ಡ ಯಂತ್ರಗಳ ಅದುರಿಗೆ ನೆಲ ಬಿರುಕು ಬಿಡಬಾರದೆಂದು ಅವುಗಳ ಕಾಲಡಿಗೆ ಇಡುವ ಸ್ಪ್ರಿಂಗು, ರಬ್ಬರಿನ ಮೆತ್ತೆಗಳನ್ನು ಮಾಡುತ್ತೇವೆ. ಹಾಸನದಲ್ಲಿ ಓದು ಮುಗಿಸಿ ನಾನು ಡಿಸೈನ್ ವಿಭಾಗಕ್ಕೆ ಬಂದು ಸೇರಿದಾಗ ಸರೋಜಕ್ಕ ತಪಾಸಣೆ ಕೋಣೆಯ ಮುಖ್ಯಸ್ಥೆ. ಗದಗಿನವರು. ಗಂಡನ ನೌಕರಿಯ ಹಿಂದೆ ಇಪ್ಪತ್ತೈದು ವರ್ಷಗಳ ಕೆಳಗೆ ಇಲ್ಲಿಗೆ ಬಂದವರು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದರು. ಒಬ್ಬಳೇ ಮಗಳು ಶ್ರುತಿ ಅಹಮದಾಬಾದಿನಲ್ಲಿ ಕೆಲಸ ಮಾಡಿಕೊಂಡು ವಸ್ತ್ರಾಪುರದಲ್ಲಿ ಬಾಡಿಗೆ ಮನೆ ಹಿಡಿದಿದ್ದಳು. ಇಡೀ ಕಾರ್ಖಾನೆಯಲ್ಲಿ ಕನ್ನಡದವರೆಂದರೆ ಸರೋಜಕ್ಕ ಮತ್ತು ನಾನು, ಇಬ್ಬರೇ.

ಆದರೆ ಆ ಬಾಂಧವ್ಯ ಅವರ ಮೇಜಿನ ಮೇಲೆ ನಡೆಯುತ್ತಿರಲಿಲ್ಲ. ನನ್ನ ನಕ್ಷೆಯಂತೆ ತಯಾರಾದ ಮೊದಲ ತುಂಡನ್ನು ವರ್ನಿಯರ್‌ನಲ್ಲಿ ಅಳೆದು, ಕನ್ನಡಕದ ಮೇಲಿಂದ ನನ್ನನ್ನು ನೋಡಿ "ಯಾವ ಊರಪಾ" ಅಂದರು.

"ಹಾಸನ, ಮೇಡಂ."

"ಹಾಸನದಾಗ ಸ್ಕೇಲ್ ಸಿಗೂದಿಲ್ಲೇನು?"

ತುಂಡು ವಾಪಸ್ಸು ಬಂತು. ಅದೇ ಮಧ್ಯಾಹ್ನ ಊಟದ ಡಬ್ಬಿ ತೆರೆದು ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ ನನ್ನ ಮುಂದೆ ತಳ್ಳಿ, "ಮೇಡಂ ಅನಬ್ಯಾಡ, ಅಕ್ಕಾ ಅನ್ನು. ತುಂಡು ಮಾತ್ರ ನಾಳೆ ಬೆಳಿಗ್ಗಿ ಸರಿ ಮಾಡಿ ತಾ" ಅಂದರು. ಯಾವ ಕಾಗದವನ್ನೂ ನಂಬುವವರಲ್ಲ. ಕಬ್ಬಿಣ ತಂದುಕೊಟ್ಟ ಕಂಪನಿಯ ಪತ್ರವನ್ನು ಪಕ್ಕಕ್ಕೆ ಸರಿಸಿ, "ಬರದದ್ದು ಬ್ಯಾರೆ, ಇರೂದು ಬ್ಯಾರೆ" ಎಂದು ತಾವೇ ಮತ್ತೊಮ್ಮೆ ಅಳೆಯುವರು. ಇದರಿಂದ ನಮ್ಮ ಮ್ಯಾನೇಜರರಿಗೆ ತಲೆನೋವು, ಗಿರಾಕಿಗಳಿಗೆ ನೆಮ್ಮದಿ.

ಸೈಕಲ್ ಹತ್ತಿದ್ದು ನಲವತ್ತೇಳನೇ ವಯಸ್ಸಿನಲ್ಲಿ. ಮಗಳು ಅಹಮದಾಬಾದಿಗೆ ಹೋದ ಮೇಲೆ ಸಂಜೆ ಹೊತ್ತು ಹೋಗಲೊಲ್ಲದು ಎಂದು ಕಾಲೋನಿಯ ಮೈದಾನದಲ್ಲಿ ಒಬ್ಬರೇ ಬಿದ್ದು ಎದ್ದು ಕಲಿತರಂತೆ. ನಾನು ಬರುವ ಹೊತ್ತಿಗೆ ಭಾನುವಾರ ಬೆಳಿಗ್ಗೆ ಪಾವಾಗಢದ ಕಡೆಯ ಗುಡ್ಡಗಳಿಗೆ ಸೈಕಲ್ ತಗೊಂಡು ಹೋಗುವಷ್ಟು ಮುಂದುವರಿದಿದ್ದರು. ನನ್ನ ಹತ್ತಿರ ಒಂದು ಹಳೆಯ ಕಾರಿತ್ತು, ಅದರ ಹಿಂದೆ ಸೈಕಲ್ ಕಟ್ಟಿಕೊಳ್ಳುವ ಸ್ಟ್ಯಾಂಡಿತ್ತು, ಮದುವೆಯಾಗಿರಲಿಲ್ಲ. ಹೀಗೆ ನಾನು ಅವರ ಭಾನುವಾರದ ಜೊತೆಗಾರನಾದೆ.

ಸಾಗುವಾನಿ ಮರಗಳ ನಡುವೆ ದನ ಹೋಗುವ ಹಾದಿಯೊಂದಿತ್ತು. ಅರ್ಧ ದಾರಿ ಹಿತವಾಗಿ ಏರಿ, ಆಮೇಲೆ ಸುಮಾರು ಇನ್ನೂರು ಹೆಜ್ಜೆಯಷ್ಟು ದೂರ ಗುಂಡುಕಲ್ಲು, ಬೇರು, ಸಡಿಲ ಮಣ್ಣಿನ ಕಡಿದಾದ ಏರು. ಅದನ್ನು ದಾಟಿದರೆ ಗುಡ್ಡದ ನೆತ್ತಿ. ಆ ಏರಿಗೆ ಸರೋಜಕ್ಕ "ಅತ್ತಿ", ಅಂದರೆ ಅತ್ತೆ, ಎಂದು ಹೆಸರಿಟ್ಟಿದ್ದರು. "ಎಷ್ಟ ಮಾಡಿದ್ರೂ ಸಮಾಧಾನ ಇಲ್ಲ ನೋಡ ಆಕಿಗೆ" ಅನ್ನುವರು. ಅತ್ತಿಯನ್ನು ಒಮ್ಮೆ, ಒಂದೇ ಒಂದು ಸಲ, ಎಲ್ಲೂ ಕಾಲು ಊರದೆ ಹತ್ತಬೇಕು, ಹತ್ತಿದ ಹಾಗೆಯೇ ತಿರುಗಿ ಇಳಿಯಬೇಕು. ಅವರಿಗೆ ಬೇಕಾಗಿದ್ದು ಇಷ್ಟೇ. ಪ್ರತಿ ಭಾನುವಾರ ಮೂರನೇ ತಿರುವಿನಲ್ಲಿ ಅವರ ಕಾಲು ನೆಲಕ್ಕೆ ಬೀಳುತ್ತಿತ್ತು. ಕುಲುಕಾಟ ನುಂಗುವ ಶಾಕ್ ಮುಂದಿನ ಚಕ್ರಕ್ಕೆ ಮಾತ್ರ ಇದ್ದ ಅವರ ಅಗ್ಗದ ಸೈಕಲ್ಲು ಇಳಿಯುವಾಗ ಬೆನ್ನು ಮುರಿಯುತ್ತಿತ್ತು. ಸೋಮವಾರ ವರ್ನಿಯರ್ ಹಿಡಿದ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಕೂತಿರುತ್ತಿದ್ದರು.

ಅಂತೂ ಒಂದು ಮಳೆಗಾಲದಲ್ಲಿ, ಮುಂದೆಯೂ ಹಿಂದೆಯೂ ಶಾಕ್ ಇರುವ ಬೆಟ್ಟದ ಸೈಕಲ್ ಕೊಳ್ಳುವುದೆಂದು ತೀರ್ಮಾನಿಸಿದರು. ಮದುವೆಗೆ ಗಂಡು ನೋಡುವವರೂ ಅಷ್ಟು ಹುಡುಕಿರಲಾರರು. ಕಷ್ಟವೇನೆಂದರೆ, ಇಳಿಯಲಿಕ್ಕೆಂದು ಮಾಡಿದ ಸೈಕಲ್ಲು ಹತ್ತುವುದಿಲ್ಲ, ಹತ್ತಲಿಕ್ಕೆಂದು ಮಾಡಿದ್ದು ಇಳಿಯುವುದಿಲ್ಲ. ಇಳಿಯುವ ಜಾತಿಯದರಲ್ಲಿ ಶಾಕು ಆರೇಳು ಇಂಚು ಕುಸಿಯುತ್ತದೆ, ಮುಂದಿನ ಚಕ್ರ ದೂರಕ್ಕೆ ಚಾಚಿರುತ್ತದೆ, ಕಲ್ಲು ಗುಂಡಿ ಮೈಗೆ ತಾಗುವುದೇ ಇಲ್ಲ. ಅದನ್ನೇ ಏರಿಗೆ ತಿರುಗಿಸಿದರೆ ಪೆಡಲ್ ಒತ್ತಿದಾಗಲೆಲ್ಲ ಸೈಕಲ್ ಕುಪ್ಪಳಿಸಿ, ತುಳಿದ ಶಕ್ತಿಯೆಲ್ಲ ಶಾಕಿನ ಹೊಟ್ಟೆಗೆ ಹೋಗುತ್ತದೆ. ಹತ್ತುವ ಜಾತಿಯದು ಹಗುರ, ಬಿಗಿ. ಅದರಲ್ಲಿ ಇಳಿದರೆ ಹಲ್ಲು ಕಟಕಟ ಅನ್ನುತ್ತದೆ. ಇವೆರಡರ ನಡುವೆ ಐದು, ಐದೂವರೆ ಇಂಚು ಕುಸಿಯುವ ಒಂದು ವರ್ಗವಿದೆ. ಅದರೊಳಗೂ ಸೀಟು ಎಷ್ಟು ನೆಟ್ಟಗಿದೆ, ಮುಂದಿನ ಚಕ್ರ ಹಿಡಿಯುವ ಫೋರ್ಕು ಎಷ್ಟು ಒರಗಿದೆ, ಏರುವಾಗ ಶಾಕನ್ನು ಬಿಗಿಮಾಡುವ ಸನ್ನೆಕೋಲು ಇದೆಯೋ ಇಲ್ಲವೋ ಎಂದು ನೂರೆಂಟು ತಕರಾರು. ಊಟದ ಹೊತ್ತಿನಲ್ಲಿ ರೊಟ್ಟಿ ಮುರಿಯುತ್ತಾ ಅವರು ಇದನ್ನೇ ಮಾತಾಡುತ್ತಿದ್ದರೆ ಪಕ್ಕದ ಮೇಜಿನವರು ನಾವು ಯಾವುದೋ ಹೊಸ ಯಂತ್ರದ ಆರ್ಡರ್ ಹಿಡಿದಿದ್ದೇವೆ ಅಂದುಕೊಂಡಿದ್ದರು.

ಮೊದಲು ಅಹಮದಾಬಾದಿಗೆ ಹೋದೆವು. ಶ್ರುತಿ ವಸ್ತ್ರಾಪುರ ಕೆರೆಯ ಹತ್ತಿರದ ಅಂಗಡಿಗೆ ಕರೆದುಕೊಂಡು ಹೋದಳು. ಸರೋಜಕ್ಕ ಅಲ್ಲಿದ್ದ ಒಂದು ಸೈಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ, "ಹದಿನೈದು ಕಿಲೋ ದಾಟತೈತಿ. ಇಲ್ಲಿ ಹದಿನಾಕಂತ ಬರದೀರಿ" ಎಂದು ಹಿಂದಿಗೂ ಕನ್ನಡಕ್ಕೂ ನಡುವಿನ ಭಾಷೆಯಲ್ಲಿ ಅಂಗಡಿಯವನನ್ನು ಗದರಿದರು. ಬ್ಯಾಗಿನಿಂದ ಕೊಕ್ಕೆಯ ತಕ್ಕಡಿ ತೆಗೆದು ತೂಗಿ ತೋರಿಸಿದರು. ಹದಿನೈದೂ ಚಿಲ್ಲರೆ. ಆಮೇಲೆ ಏರು ಎಲ್ಲಿದೆ ಅಂತ ಕೇಳಿದರು. ಅಹಮದಾಬಾದು ರೊಟ್ಟಿಹಲಗೆಯಷ್ಟು ಸಪಾಟು. ಅಂಗಡಿಯವನು ತಲೆ ಕೆರೆದುಕೊಂಡು ಫ್ಲೈಓವರ್ ತೋರಿಸಿದ. ಸಲ್ವಾರ್ ಕಾಲಿಗೆ ಕ್ಲಿಪ್ ಹಾಕಿಕೊಂಡು, ಹೆಲ್ಮೆಟ್ ಬಿಗಿದು, ಐವತ್ತು ದಾಟಿದ ಹೆಂಗಸು ಫ್ಲೈಓವರನ್ನು ಮೂರು ಸಲ ಹತ್ತಿ ಇಳಿದರು. ಕಾರಿನವರು ವೇಗ ತಗ್ಗಿಸಿ ನೋಡಿಕೊಂಡು ಹೋದರು.

"ಮಮ್ಮಿ, ಸಾಕು ಪ್ಲೀಸ್. ಆಫೀಸ್‌ನವರು ಯಾರಾದ್ರೂ ನೋಡ್ತಾರೆ," ಎಂದು ಶ್ರುತಿ ಅಂಗಡಿಯ ಒಳಗೆ ಹೋಗಿ ಕೂತಳು.

"ನೋಡ್ಲಿ ಬಿಡವಾ, ಅವರಿಗೂ ಸೈಕಲ್ ಬೇಕಾಗಿರಬೇಕು."

ಆ ಸೈಕಲ್ಲು ಪಾಸಾಗಲಿಲ್ಲ. ದಸರಾ ಆದ ಮೇಲೆ ಸೂರತ್ತಿಗೆ ಹೋದೆವು. ಅಡಾಜಣ್‌ನಲ್ಲಿ ಒಂದು ದೊಡ್ಡ ಅಪಾರ್ಟ್‌ಮೆಂಟಿನ ಕೆಳಮಹಡಿಯಲ್ಲಿ ಜಿಗ್ನೇಶಭಾಯಿ ಎಂಬವರ ಅಂಗಡಿ. ಸೌಮ್ಯ ಮನುಷ್ಯ, ಎಷ್ಟು ಪ್ರಶ್ನೆ ಕೇಳಿದರೂ ಬೇಸರವಿಲ್ಲ. ಕೊನೆಗೆ ಅವರೂ ಸೋತು, "ಬೆನ್, ಹತ್ತಲಿಕ್ಕೆ ಇದು ತಗೊಳ್ಳಿ, ಇಳಿಯಲಿಕ್ಕೆ ಅದು ತಗೊಳ್ಳಿ. ನಮ್ಮ ದೊಡ್ಡ ಗಿರಾಕಿಗಳು ಎರಡು ಇಟ್ಟುಕೊಳ್ತಾರೆ" ಅಂದರು.

ಸರೋಜಕ್ಕ ನನ್ನ ಕಡೆ ತಿರುಗಿ, "ಗುಡ್ಡ ಏನು ಎರಡದಾವೇನು? ಏರಿದ ಗುಡ್ಡಾನ ಇಳೀಬೇಕು. ನಡುವ ಸೈಕಲ್ ಬದಲಿ ಮಾಡಾಕ ಮ್ಯಾಲ ಯಾರ ಕುಂತಿರತಾರ, ಕೇಳ ಅವರನ್ನ" ಅಂದರು. ನಾನು ಹಿಂದಿಯಲ್ಲಿ ಕೇಳಿದೆ. ಜಿಗ್ನೇಶಭಾಯಿ ನಕ್ಕು, ಒಳಗಿನಿಂದ ಬೂದು ಬಣ್ಣದ ಒಂದು ಸೈಕಲ್ ತಂದು ನಿಲ್ಲಿಸಿದರು. ಐದೂವರೆ ಇಂಚಿನದು. ಪರೀಕ್ಷೆಗೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿಯುವ ಇಳಿಜಾರು ಸಿಕ್ಕಿತು. ಹನ್ನೊಂದು ಸಲ ಇಳಿದು ಹನ್ನೊಂದು ಸಲ ಹತ್ತಿದರು. ಕಾರು ಹೊರತೆಗೆಯಲು ಬಂದವರು ಹಾರ್ನ್ ಬಾರಿಸಿದರು, ಸೊಸೈಟಿಯ ಕಾರ್ಯದರ್ಶಿ ಬನಿಯನ್ನಿನಲ್ಲೇ ಕೆಳಗೆ ಬಂದು ವಿಚಾರಿಸಿದರು. ಸರೋಜಕ್ಕ ಇಳಿದು, ಬೆವರು ಒರೆಸಿಕೊಂಡು, ಸೈಕಲ್ಲಿನ ಸೀಟಿಗೆ ಎರಡು ಸಲ ತಟ್ಟಿ "ಇದು ಪಾಸು" ಅಂದರು. ಏಳು ವರ್ಷದ ಪರಿಚಯದಲ್ಲಿ ಅವರ ಬಾಯಿಂದ ಆ ಮಾತು ಅಷ್ಟು ಸುಲಭವಾಗಿ ಬಂದದ್ದನ್ನು ನಾನು ಕೇಳಿರಲಿಲ್ಲ.

ಇಲ್ಲಿ ಒಂದು ಸಂಗತಿ ಹೇಳಬೇಕು, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಈ ಸೈಕಲ್ಲಿನ ಹಿಂದಿನ ಶಾಕಿನಲ್ಲಿ ಇರುವುದು ಗಾಳಿ. ಸವಾರನ ತೂಕಕ್ಕೆ ತಕ್ಕಂತೆ ಸಣ್ಣ ಪಂಪಿನಿಂದ ಅದನ್ನು ತುಂಬಬೇಕು. ಸವಾರ ಮೇಲೆ ಕೂತಾಗ ಶಾಕು ತನ್ನ ಉದ್ದದ ಕಾಲು ಭಾಗಕ್ಕಿಂತ ತುಸು ಹೆಚ್ಚು ಕುಸಿಯಬೇಕು. ಹೆಚ್ಚು ಕುಸಿದರೆ ಏರಲಾಗದು, ಕಡಿಮೆ ಕುಸಿದರೆ ಇಳಿಯುವಾಗ ಒದೆಯುತ್ತದೆ. ಎಷ್ಟು ಕುಸಿಯಿತೆಂದು ತೋರಿಸಲು ಶಾಕಿನ ಮೇಲೆ ಒಂದು ರಬ್ಬರ್ ಉಂಗುರವಿರುತ್ತದೆ. ಕೂತಾಗ ಅದು ಸರಿಯುತ್ತದೆ, ಇಳಿದಾಗ ಅಲ್ಲೇ ನಿಲ್ಲುತ್ತದೆ. ಅಂಗಡಿಯಲ್ಲಿ ಜಿಗ್ನೇಶಭಾಯಿ ತೂಕ ಕೇಳಿದಾಗ ಸರೋಜಕ್ಕ ಸಂಕೋಚವಿಲ್ಲದೆ "ಅರವತ್ತೆಂಟು" ಅಂದರು. ಜಿಗ್ನೇಶಭಾಯಿ ಪಂಪಿನ ಮುಳ್ಳು ನೂರ ಅರವತ್ತಕ್ಕೆ ಬರುವವರೆಗೆ ಗಾಳಿ ತುಂಬಿದರು. ಉಂಗುರ ಹದಿನಾಲ್ಕು ಮಿಲಿಮೀಟರು ಸರಿಯಿತು. ಸರೋಜಕ್ಕ ತಮ್ಮದೇ ವರ್ನಿಯರ್ ತೆಗೆದು ಅಳೆದು ಒಪ್ಪಿದರು.

ಉಳಿದವರು ಆ ಅಳತೆಯನ್ನು ಒಮ್ಮೆ ಮಾಡಿ ಮರೆಯುತ್ತಾರೆ. ನಮಗೆ ಅದು ಭಾನುವಾರದ ಪೂಜೆಯಾಯಿತು. ಗುಡ್ಡದ ಬುಡದಲ್ಲಿ ಕಾರು ನಿಲ್ಲಿಸಿ ಸೈಕಲ್ ಇಳಿಸಿದ ಮೇಲೆ ನಾನು ಹ್ಯಾಂಡಲ್ ಹಿಡಿಯಬೇಕು, ಅವರು ನೀರಿನ ಬಾಟಲಿ, ಬ್ಯಾಗು ಸಮೇತ ಹತ್ತಿ ಉಸಿರು ಬಿಗಿಹಿಡಿದು ಕೂರಬೇಕು, ಮೆಲ್ಲಗೆ ಇಳಿಯಬೇಕು, ನಾನು ಮೊಣಕಾಲೂರಿ ಅಳೆಯಬೇಕು. ಹದಿನಾಲ್ಕು. ಹದಿನಾಲ್ಕು. ಹದಿನಾಲ್ಕು. ದನ ಕಾಯುವ ಹೆಂಗಸರು ನಿಂತು ನೋಡಿ ತಮ್ಮೊಳಗೆ ಏನೋ ಆಡಿಕೊಂಡು ನಗುತ್ತಿದ್ದರು.

ಡಿಸೆಂಬರ್ ಹೊತ್ತಿಗೆ ಅವರು ಅತ್ತಿಯ ಐದನೇ ತಿರುವಿನವರೆಗೆ ಕಾಲು ಊರದೆ ಬಂದಿದ್ದರು. ಇನ್ನು ಉಳಿದದ್ದು ಹೆಚ್ಚೆಂದರೆ ಮೂವತ್ತು ಹೆಜ್ಜೆ. ಒಂದು ಭಾನುವಾರ ಅಲ್ಲಿಂದ ಮುಂದಕ್ಕೆ ತಳ್ಳಿಕೊಂಡು ನೆತ್ತಿಗೆ ಹೋಗಿ, ಸೀಟು ಕೆಳಗಿಳಿಸಿ, ಇಳಿದುಬಿಟ್ಟರು. ನಾನು ನನ್ನ ಸೈಕಲ್ಲಿನ ಬ್ರೇಕು ಹಿಡಿದು ಹಿಡಿದು ಬುಡ ಸೇರುವ ಹೊತ್ತಿಗೆ ಬಂಡೆಯ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದರು. "ತಮ್ಮಾ, ಇಷ್ಟ ದಿವಸ ಇಳಿಯೂದಂದ್ರ ಬರೇ ಹೆದರಿಕಿ ಅನಕೊಂಡಿದ್ದೆ. ಇದರಾಗ ಸಂತೋಷನೂ ಐತಿ" ಎಂದು ಅರ್ಧ ಕಿತ್ತಳೆ ನನ್ನ ಕೈಗಿಟ್ಟರು. ಅವರನ್ನು ಅಷ್ಟು ಹಗುರವಾಗಿ ನಾನು ಯಾವತ್ತೂ ಕಂಡಿರಲಿಲ್ಲ.

ಜನವರಿಯ ಒಂದು ಭಾನುವಾರ ಉಂಗುರ ಹನ್ನೊಂದಕ್ಕೇ ನಿಂತಿತು. ಮತ್ತೆ ಅಳೆದೆ. ಹನ್ನೊಂದು.

"ಚಳಿಗೆ ಸೀಲ್ ಬಿಗಿ ಆಗಿರಬೇಕು" ಅಂದರು ಸರೋಜಕ್ಕ.

ನನಗೂ ಹಾಗೇ ತೋಚಿತು. ಸ್ವಲ್ಪ ಗಾಳಿ ಬಿಟ್ಟು ಹದಿನಾಲ್ಕಕ್ಕೆ ತಂದೆ. ಮುಂದಿನ ಭಾನುವಾರದಿಂದ ಅಳತೆ ಮತ್ತೆ ಸರಿಯಾಗಿ ಬರತೊಡಗಿತು. ಒಂದು ವಾರವೂ ತಪ್ಪಲಿಲ್ಲ. ಹೊಸ ಶಾಕು, ಪಳಗಿತು ಅಂದುಕೊಂಡು ನಿಶ್ಚಿಂತೆಯಾದೆ. ಅತ್ತಿಯ ಮೇಲೆ ಮಾತ್ರ ಅವರು ಹಿಂದೆ ಬೀಳುತ್ತಿದ್ದರು. ಐದನೇ ತಿರುವಿನಿಂದ ನಾಲ್ಕಕ್ಕೆ ಬಂದರು, ನಾಲ್ಕರಿಂದ ಮೂರಕ್ಕೆ. ಕಾರ್ಖಾನೆಯಲ್ಲಿ ಎಲ್ಲರೂ "ಸರೋಜಬೆನ್, ಸೈಕಲ್ ತುಳಿದು ಎಷ್ಟು ಸ್ಲಿಮ್ ಆಗಿದ್ದೀರಿ" ಎಂದು ಹೊಗಳುತ್ತಿದ್ದರು. ನಾನೂ ಹೊಗಳಿದವರಲ್ಲಿ ಒಬ್ಬ. ಅವರ ರೊಟ್ಟಿಯ ಡಬ್ಬಿಯಿಂದ ನನ್ನ ಪಾಲು ಎರಡರಿಂದ ಮೂರಾಗಿತ್ತು. ಅದು ಪ್ರೀತಿ ಹೆಚ್ಚಾದ ಲಕ್ಷಣ ಎಂದು ತಿಳಿದು ಚಪ್ಪರಿಸಿ ತಿಂದೆ. ನೆನೆಸಿಕೊಂಡರೆ ಈಗಲೂ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ.

ಏಪ್ರಿಲ್‌ನಲ್ಲಿ ಸೈಕಲ್ ತೊಳೆದು ಸರಿಮಾಡಲು ನನ್ನ ಮನೆಗೆ ತಂದಿಟ್ಟುಕೊಂಡಿದ್ದೆ. ಸುಮ್ಮನೆ ಶಾಕಿಗೆ ಪಂಪು ಹಚ್ಚಿ ನೋಡಿದೆ. ಮುಳ್ಳು ನೂರ ಇಪ್ಪತ್ತೈದರಲ್ಲಿತ್ತು. ನಾನು ಜನವರಿಯಲ್ಲಿ ನೂರ ಐವತ್ತಕ್ಕೆ ಬಿಟ್ಟದ್ದು ಚೆನ್ನಾಗಿ ನೆನಪಿತ್ತು. ಎಲ್ಲೋ ಸೋರುತ್ತಿದೆ ಎಂದುಕೊಂಡೆ. ಡಿಸೈನ್ ಎಂಜಿನಿಯರ್ ನಾನು, ಸ್ಪ್ರಿಂಗು ಮಾಡಿ ಹೊಟ್ಟೆ ಹೊರೆಯುವವನು. ಗಾಳಿ ಸೋರಿದರೆ ಶಾಕು ಹೆಚ್ಚು ಕುಸಿಯಬೇಕಲ್ಲ, ಪ್ರತಿವಾರ ಹದಿನಾಲ್ಕೇ ಬರುತ್ತಿತ್ತಲ್ಲ ಎಂಬುದು ನನ್ನ ತಲೆಗೆ ಹೋಗಲಿಲ್ಲ. ಸರೋಜಕ್ಕನಿಗೆ ಫೋನ್ ಮಾಡಿ ಶಾಕು ಸೋರುತ್ತಿದೆ, ಸೂರತ್ತಿಗೆ ತಗೊಂಡು ಹೋಗ್ತೀನಿ ಅಂದೆ. ಮುಳ್ಳು ಎಷ್ಟಿದೆ ಎಂದೂ ಕೇಳದೆ "ಹೋಗಿ ಬಾ" ಅಂದರು.

ಶಾಕನ್ನು ಬಿಚ್ಚಿ ಜಿಗ್ನೇಶಭಾಯಿಯ ಹತ್ತಿರ ಕೊಟ್ಟು ಬಂದೆ. ಹದಿನೈದು ದಿನ ಬಿಟ್ಟು ತರಲು ಹೋದಾಗ ಅವರು ಅದನ್ನು ಮೇಜಿನ ಮೇಲಿಟ್ಟು, "ಭಾಯ್, ಒಳಗೆ ಹೊಸದರ ಹಾಗಿದೆ. ಗಾಳಿ ತುಂಬಿ ನಾಲ್ಕು ದಿನ ಇಟ್ಟೆ, ಮುಳ್ಳು ಅಲ್ಲಾಡಲಿಲ್ಲ" ಅಂದರು. ನಾನು ವಾದಕ್ಕೆ ನಿಂತೆ. ನೂರ ಇಪ್ಪತ್ತೈದಕ್ಕೆ ಇಳಿದದ್ದನ್ನು ಕಣ್ಣಾರೆ ನೋಡಿದ್ದೇನೆ ಅಂದೆ. ದನಿ ಏರಿತ್ತು. ಅವರು ಬೇಸರಿಸದೆ, "ನೂರ ಇಪ್ಪತ್ತೈದು ಅಂದರೆ ಐವತ್ತೈದು ಕಿಲೋದವರಿಗೆ ಸರಿಯಾದ ಗಾಳಿ. ಬೇರೆ ಯಾರಾದರೂ ಓಡಿಸುತ್ತಿದ್ದಾರಾ" ಎಂದು ಕೇಳಿದರು.

ಯಾರೂ ಓಡಿಸುತ್ತಿರಲಿಲ್ಲ.

ವಾಪಸ್ಸು ಬರುವ ರೈಲಿನಲ್ಲಿ ಶಾಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಭರೂಚ್ ಬರುವಷ್ಟರಲ್ಲಿ ಎಲ್ಲ ಒಂದೊಂದಾಗಿ ಸ್ಪಷ್ಟವಾಯಿತು. ಕುರ್ತಾದ ಹೆಗಲಿಗೆ ಹಾಕಿಕೊಳ್ಳುತ್ತಿದ್ದ ಪಿನ್ನು, ಮೊಣಕೈವರೆಗೆ ಜಾರುತ್ತಿದ್ದ ಬಳೆ, ನನಗೆ ತಳ್ಳುತ್ತಿದ್ದ ಮೂರನೇ ರೊಟ್ಟಿ. ಗಾಳಿ ಸರಿಯಾಗಿತ್ತು, ಸೀಲು ಸರಿಯಾಗಿತ್ತು, ಇಳಿದದ್ದು ಸರೋಜಕ್ಕನ ತೂಕ. ಆ ಗಾಳಿಯನ್ನು ಬಿಟ್ಟವರು ಯಾರೆಂದು ಮಾತ್ರ ಆಗ ಯೋಚಿಸಲಿಲ್ಲ. ನಾನು ಹದಿನೈದು ದಿನ ಶಾಕಿಗೆ ಚಿಕಿತ್ಸೆ ಮಾಡಿಸಿದ್ದೆ.

ಅಷ್ಟು ಗೊತ್ತಾದ ಮೇಲೂ ನಾಲ್ಕು ದಿನ ಸುಮ್ಮನಿದ್ದೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ದಿನವೂ ತಪಾಸಣೆ ಕೋಣೆಯ ಬಾಗಿಲವರೆಗೆ ಹೋಗಿ ಬೇರೆ ಏನೋ ಕೇಳಿ ವಾಪಸ್ಸಾಗುತ್ತಿದ್ದೆ. ತಾಯಿಯ ವಯಸ್ಸಿನ ಹೆಂಗಸನ್ನು ನಿಲ್ಲಿಸಿ ನಿಮ್ಮ ಮೈ ಯಾಕೆ ಇಳಿದಿದೆ ಅಂತ ಹೇಗೆ ಕೇಳುವುದು? ಐದನೇ ದಿನ ಊಟದ ಹೊತ್ತಿನಲ್ಲಿ, ಅವರ ಮುಖ ನೋಡದೆ, "ಅಕ್ಕಾ, ಒಂದ್ಸಲ ಡಾಕ್ಟರ್ ಹತ್ರ ಹೋಗಿ ಬರೋಣ" ಅಂದೆ.

ಅವರು ಯಾಕೆ ಅಂತ ಕೇಳಲಿಲ್ಲ. ಡಬ್ಬಿಯ ಮುಚ್ಚಳ ಹಾಕುತ್ತಾ, "ಶ್ರುತಿಗೆ ನೀನ ಫೋನ್ ಮಾಡು. ನನ್ನ ಕೈಲೆ ಆಗೂದಿಲ್ಲ" ಅಂದರು.

ಶ್ರುತಿ ಅದೇ ಸಂಜೆ ಬಂದು ಅಹಮದಾಬಾದಿಗೆ ಕರೆದುಕೊಂಡು ಹೋದಳು. ಹೊಟ್ಟೆಯೊಳಗಿನ ಗಡ್ಡೆ ಯಕೃತ್ತಿನವರೆಗೆ ಹಬ್ಬಿತ್ತು. ಡಾಕ್ಟರು ಒಳ್ಳೆಯವರು, ಸುತ್ತಿಬಳಸಿ ಹೇಳಲಿಲ್ಲ. ಆಪರೇಷನ್ ಮಾಡುವ ಹಂತ ದಾಟಿದೆ, ನೋವು ಕಡಿಮೆ ಮಾಡಬಹುದು ಅಂದರಂತೆ. ಶ್ರುತಿ ನನಗೆ ಫೋನಿನಲ್ಲಿ ಹಿಂದಿಯಲ್ಲಿ ಹೇಳುತ್ತಾ ಹೇಳುತ್ತಾ ನಡುವೆ ನಿಲ್ಲಿಸಿ, "ಅಣ್ಣಾ, ನಾಲ್ಕು ತಿಂಗಳು ಮುಂಚೆ ಬಂದಿದ್ರೆ ಛಾನ್ಸ್ ಇತ್ತು ಅಂತಾರೆ" ಅಂದಳು. ನಾಲ್ಕು ತಿಂಗಳ ಹಿಂದೆ ಅಂದರೆ ಜನವರಿ. ನಾನು ಫೋನು ಹಿಡಿದುಕೊಂಡು ಕಾರ್ಖಾನೆಯ ಸೈಕಲ್ ಸ್ಟ್ಯಾಂಡಿನಲ್ಲಿ ಕೂತುಬಿಟ್ಟೆ.

ಆಮೇಲೆ ಎರಡು ವಾರಕ್ಕೊಮ್ಮೆ ವಸ್ತ್ರಾಪುರಕ್ಕೆ ಹೋಗಿ ಬರುತ್ತಿದ್ದೆ. ಮಾಡುವುದಕ್ಕೆ ಏನೂ ಇರಲಿಲ್ಲ. ಎಳನೀರು ತಗೊಂಡು ಹೋಗುತ್ತಿದ್ದೆ, ಅವರಿಗೆ ಎರಡು ಗುಟುಕೂ ಇಳಿಯುತ್ತಿರಲಿಲ್ಲ. ಕೊನೆಯ ಸಲ ಹೋದಾಗ ಮಳೆಗಾಲ ಅರ್ಧ ಕಳೆದಿತ್ತು. ಶ್ರುತಿ ಔಷಧಿ ತರಲು ಕೆಳಗೆ ಹೋಗಿದ್ದಳು. ಕಿಟಕಿ ಪಕ್ಕದ ಮಂಚದ ಮೇಲೆ ಸರೋಜಕ್ಕ ದಿಂಬಿಗೆ ಒರಗಿ ಕೂತಿದ್ದರು. ನಾನು ಕುರ್ಚಿ ಎಳೆದುಕೊಂಡು ಕೂತೆ. ತಿಂಗಳುಗಳಿಂದ ಹೇಳಲಾಗದೆ ಉಳಿದದ್ದನ್ನು ಅವತ್ತು ಹೇಳಿದೆ.

"ಅಕ್ಕಾ, ಜನವರಿಯಲ್ಲೇ ನಂಗೆ ಗೊತ್ತಾಗಬೇಕಿತ್ತು. ಉಂಗುರ ಹನ್ನೊಂದಕ್ಕೆ ನಿಂತಾಗ್ಲೇ."

"ನಿನಗ ಹೆಂಗ ಗೊತ್ತಾಗಬೇಕು" ಅಂದರು. "ಪ್ರತಿ ಶನಿವಾರ ಸಂಜೀಕ ಮನ್ಯಾಗ ಗಾಳಿ ನಾನ ಬಿಡತಿದ್ದೆ. ಹದಿನಾಕು ಬರೂಹಂಗ ನೋಡಿ ಇಡತಿದ್ದೆ."

"ಅಂದ್ರೆ ನಿಮಗೆ ಗೊತ್ತಿತ್ತಾ?"

"ಅವತ್ತ ಗೊತ್ತಾತು. ಸೀಲ್ ಅಂತ ಬಾಯಿಲೆ ಅಂದೆ, ಮನಸಿಗೆ ಗೊತ್ತಾತು. ಊಟ ಸೇರತಿರಲಿಲ್ಲ ನನಗ, ದೀಪಾವಳಿಯಿಂದ."

"ಯಾಕಕ್ಕಾ ಹೇಳಲಿಲ್ಲ? ಡಾಕ್ಟ್ರಿಗಾದ್ರೂ ತೋರಿಸ್ಬಹುದಿತ್ತು."

"ಹೇಳಿದ್ರ ಅದ ದಿವಸ ಸೈಕಲ್ ಕಸಗೊಂತಿದ್ರಿ, ನೀನೂ ಶ್ರುತಿನೂ ಕೂಡಿ. ಅತ್ತಿ ಇನ್ನ ಮೂವತ್ತು ಹೆಜ್ಜಿ ಇತ್ತು. ಒಂದು ತಿಂಗಳು ತಡದು ತೋರಸೂಣು ಅನಕೊಂಡೆ. ತಿಂಗಳಾತು, ಮತ್ತೊಂದು ತಿಂಗಳು ಅನಕೊಂಡೆ." ಸ್ವಲ್ಪ ಉಸಿರು ತಗೊಂಡರು. "ಅದೂ ಸುಳ್ಳ ತಮ್ಮಾ. ಅತ್ತಿ ಬರೇ ನೆವ. ಹೆದರಿದ್ದೆ. ನಮ್ಮವರ ಕಡೀ ದಿನಾ ಆಸ್ಪತ್ರ್ಯಾಗ ನೋಡಿದ್ದೆನಲ್ಲ. ಅಳತಿ ಮಾಡೂದು ನನ್ನ ಕೆಲಸ, ಆದ್ರ ನನ್ನ ಅಳತಿ ಬ್ಯಾರೇದವರಿಗೆ ಕೊಡಾಕ ಧೈರ್ಯ ಆಗಲಿಲ್ಲ."

ಸಿಟ್ಟು ಬಂತು ನನಗೆ. ಎದ್ದು ನಿಂತೆ. ಬೈಯಬೇಕು ಅನಿಸಿತು, ಮೂರು ತಿಂಗಳು ನಾನು ತಿಂದ ಸಂಕಟವನ್ನೆಲ್ಲ ಅವರ ಮುಂದೆ ಸುರಿಯಬೇಕು ಅನಿಸಿತು. ಮಂಚದ ಮೇಲೆ ಕೂತಿದ್ದವರ ಎರಡು ಮಣಿಕಟ್ಟೂ ನನ್ನ ಒಂದು ಹಿಡಿಯೊಳಗೆ ಸೇರುವಷ್ಟಿದ್ದವು. ಮತ್ತೆ ಕೂತೆ.

"ಶ್ರುತಿಗೆ ಹೇಳಬ್ಯಾಡ" ಅಂದರು. "ಅವ್ವಗ ಗೊತ್ತಾಗಲಿಲ್ಲ ಅಂದ್ರ ಆಕಿ ಅತ್ತು ಸುಮ್ಮನಾಗತಾಳ. ಗೊತ್ತಿದ್ದೂ ಸುಮ್ಮನಿದ್ಲು ಅಂದ್ರ ಆಕಿ ಹೆಂಗ ಇರಬೇಕು?"

ನಾನು ಹೂಂ ಅಂದೆ. ಅಷ್ಟರಲ್ಲಿ ಬಾಗಿಲ ಸದ್ದಾಯಿತು. ಶ್ರುತಿ ಔಷಧಿ ಮೇಜಿನ ಮೇಲಿಟ್ಟು ಅಮ್ಮನ ಹಣೆ ಮುಟ್ಟಿ ನೋಡಿದಳು. ಸರೋಜಕ್ಕ ಕಣ್ಣು ಮುಚ್ಚಿದ್ದರು, ನಿದ್ದೆಯೋ ಅಲ್ಲವೋ ತಿಳಿಯಲಿಲ್ಲ. ಲಿಫ್ಟಿನವರೆಗೆ ನನ್ನ ಜೊತೆ ಬಂದ ಶ್ರುತಿ, "ಅಣ್ಣಾ, ಮಮ್ಮಿ ನಿಮ್ಮ ಜೊತೆ ಏನೋ ಮಾತಾಡ್ತಾ ಇದ್ರು. ನಂಗೆ ಏನೂ ಹೇಳಲ್ಲ. ಏನಂದ್ರು?" ಎಂದು ಕೇಳಿದಳು.

"ಸೈಕಲ್ ವಿಷಯ" ಅಂದೆ.

"ಅಷ್ಟೇನಾ?"

"ಅಷ್ಟೇ."

ಹನ್ನೊಂದು ದಿನಕ್ಕೆ ಸರೋಜಕ್ಕ ಹೋದರು. ಸುದ್ದಿ ಬಂದಾಗ ನಾನು ಕಾರ್ಖಾನೆಯಲ್ಲಿದ್ದೆ. ತಪಾಸಣೆ ಕೋಣೆಗೆ ಬಂದಿರುವ ಹೊಸಬರು ಕಾಗದ ನೋಡಿಯೇ ಸಹಿ ಹಾಕುತ್ತಾರೆ, ನನ್ನ ತುಂಡುಗಳು ಈಗ ವಾಪಸ್ಸು ಬರುವುದಿಲ್ಲ.

ಶ್ರುತಿ ತಿಂಗಳಿಗೊಮ್ಮೆಯಾದರೂ ಫೋನ್ ಮಾಡುತ್ತಾಳೆ. ಊಟ, ಕೆಲಸ, ಮಳೆ ಎಲ್ಲ ಮುಗಿದ ಮೇಲೆ ಒಂದು ಕಡೆ ಬಂದು ನಿಲ್ಲುತ್ತಾಳೆ. "ಅಣ್ಣಾ, ಮಮ್ಮಿಗೆ ಸ್ವಲ್ಪ ಮುಂಚೆ ಗೊತ್ತಾಗಿದ್ರೆ ಎಷ್ಟು ಚೆನ್ನಾಗಿತ್ತು ಅಲ್ವಾ?" ಪ್ರತಿ ಸಲವೂ ನಾನು ಹೌದು ಅನ್ನುತ್ತೇನೆ. ಬೇರೆ ಏನನ್ನಲಿ? ವಡೋದರಾದಲ್ಲಿ ಹುಟ್ಟಿ ಬೆಳೆದ ಹುಡುಗಿ, ಕನ್ನಡ ಆಡಲು ಅಷ್ಟಿಷ್ಟು ಬರುತ್ತದೆ, ಓದಲು ಬರುವುದಿಲ್ಲ. ಆ ಧೈರ್ಯದ ಮೇಲೆಯೇ ಇಷ್ಟನ್ನು ಬರೆದೆ.